ಮನೆಯಲ್ಲೇ ಕಾಫಿಪುಡಿ: ಒಂದು ಪದ್ಧತಿಯ ಚರಿತ್ರೆ

ಕಾಫಿ ಬೀಜವನ್ನು ಮನೆಯಲ್ಲೇ ಹುರಿದು, ಅಂದಂದಿಗೆ ಬೇಕಾದಷ್ಟನ್ನೇ ಪುಡಿಮಾಡಿಕೊಳ್ಳುವ ಪದ್ಧತಿ ಹಳೆಯ ಮೈಸೂರು ಸೀಮೆ, ಮಲೆನಾಡು ಮತ್ತು ಕೊಡಗಿನ ಅನೇಕ ಮನೆಗಳಲ್ಲಿ 20ನೆಯ ಶತಮಾನದ ಬಹುಭಾಗ ರೂಢಿಯಲ್ಲಿತ್ತು. ದೇಶದ ಒಟ್ಟು ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದಲ್ಲೇ ಬೆಳೆಯುತ್ತದೆ. ಆದರೆ ಬೆಳೆ ಕೈಗೆ ಬಂದ ಕೂಡಲೇ ಈ ಪದ್ಧತಿ ಹುಟ್ಟಲಿಲ್ಲ. ಗಿಡ ಬೆಟ್ಟಕ್ಕೆ ಬಂದು ಎರಡು ಶತಮಾನ ಕಳೆದ ಮೇಲೆ ಕಾಫಿ ಸಾಮಾನ್ಯ ಮನೆಗಳ ಒಲೆಯ ಮೇಲೆ ಕುದಿಯತೊಡಗಿತು. ಹುರಿಯುವ, ಬೀಸುವ ಕೆಲಸವೂ ಅದರ ಜೊತೆಗೇ ಮನೆಯೊಳಗೆ ಬಂತು.

ಒರಳಿನಿಂದ ಗಿರಣಿಗೆ

ಕಾಫಿ ಪಾನೀಯವಾಗಿ ಬಳಕೆಗೆ ಬಂದದ್ದು 15ನೆಯ ಶತಮಾನದ ಯೆಮೆನ್‌ನಲ್ಲಿ. ಅಲ್ಲಿನ ಸೂಫಿಗಳು ರಾತ್ರಿಯ ಪ್ರಾರ್ಥನೆಯ ವೇಳೆ ನಿದ್ದೆ ಬಾರದಿರಲೆಂದು ಇದನ್ನು ಕುಡಿಯುತ್ತಿದ್ದರು. ಅರಬ್ ನಾಡುಗಳಲ್ಲಿ ಹುರಿದ ಬೀಜವನ್ನು ಒರಳಿನಲ್ಲಿ ಹಾಕಿ ಕುಟ್ಟುವುದೇ ವಾಡಿಕೆ. 16ನೆಯ ಶತಮಾನದ ನಡುಭಾಗದಲ್ಲಿ ಇಸ್ತಾಂಬುಲ್‌ನಲ್ಲಿ ಕಾಫಿ ಅಂಗಡಿಗಳು ತೆರೆದವು. ತುರ್ಕರು ಹಿಟ್ಟಿನಷ್ಟು ನುಣ್ಣಗಿನ ಪುಡಿಯನ್ನು ನೀರಿನಲ್ಲೇ ಕುದಿಸಿ, ಸೋಸದೆ ಕುಡಿಯುವವರು. ಅಷ್ಟು ನುಣುಪು ಕುಟ್ಟಿದರೆ ಸುಲಭಕ್ಕೆ ಬರುವುದಿಲ್ಲವಾದ್ದರಿಂದ ಕೈಯಲ್ಲಿ ಹಿಡಿದು ತಿರುಗಿಸುವ ಉದ್ದನೆಯ ಹಿತ್ತಾಳೆ ಗಿರಣಿಗಳು ಆ ಸೀಮೆಯಲ್ಲಿ ಬಳಕೆಗೆ ಬಂದವು.

ಯುರೋಪಿನಲ್ಲಿ ಮರದ ಪೆಟ್ಟಿಗೆಯ ಮೇಲೆ ಕಬ್ಬಿಣದ ಹಲ್ಲುಗಳನ್ನು ಕೂರಿಸಿದ ಗಿರಣಿಗಳು ಹರಡಿದವು. ಮುಂದೆ ಕಾರುಗಳಿಗೆ ಹೆಸರಾದ ಫ್ರಾನ್ಸಿನ ಪ್ಯೂಜೋ ಮನೆತನ ತನ್ನ ಮೊದಲ ಕಾಫಿ ಗಿರಣಿಯನ್ನು ತಯಾರಿಸಿದ್ದು 1840ರಲ್ಲಿ. ಇವುಗಳ ತತ್ತ್ವ ಒಂದೇ: ಹಲ್ಲುಗಳುಳ್ಳ ಎರಡು ಲೋಹದ ತುಂಡುಗಳ ನಡುವೆ ಬೀಜ ಸಿಕ್ಕಿ ಮೊದಲು ಒಡೆಯುತ್ತದೆ, ಕೆಳಗಿಳಿದಂತೆ ಸಣ್ಣದಾಗುತ್ತದೆ. ಎರಡು ತುಂಡುಗಳ ನಡುವಿನ ಸಂದನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡಿದರೆ ಪುಡಿ ತರಿಯೋ ನುಣುಪೋ ಬೇಕಾದಂತೆ ಬರುತ್ತದೆ. ಕರ್ನಾಟಕದ ಅಡುಗೆಮನೆಗಳಿಗೆ ಬಂದದ್ದೂ ಇದೇ ತತ್ತ್ವದ ಯಂತ್ರ.

ಬೆಟ್ಟದ ಬೆಳೆ

17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಪರಂಪರೆಯಿಂದ ಬಂದ ಕಥೆ. ಆ ಬೆಟ್ಟಸಾಲಿಗೆ ಬಾಬಾಬುಡನ್‌ಗಿರಿ ಎಂಬ ಹೆಸರೂ ಉಳಿದಿದೆ. ಬಹುಕಾಲ ಕಾಫಿ ಗಿಡ ಬೆಟ್ಟದ ಆಸುಪಾಸಿನ ಹಿತ್ತಿಲುಗಳಿಗೆ ಸೀಮಿತವಾಗಿತ್ತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಚಿಕ್ಕಮಗಳೂರು ಭಾಗದಲ್ಲಿ ದೊಡ್ಡ ತೋಟಗಳು ಎದ್ದವು. ಕೊಡಗಿನಲ್ಲಿ ಮೊದಲ ಯುರೋಪಿಯನ್ ತೋಟವನ್ನು 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬಾತ ತೆರೆದ.

ಈ ತೋಟಗಳ ಬೆಳೆ ಬಹುಪಾಲು ಹಡಗು ಹತ್ತುತ್ತಿತ್ತು. ಘಾಟಿಯಿಂದ ಇಳಿದ ಕಾಫಿ ಮಂಗಳೂರಿನಂಥ ಕಡೆ ಹದಗೊಂಡು ಲಂಡನ್ನಿನ ಪೇಟೆ ಸೇರುತ್ತಿತ್ತು. ಬೆಳೆದವರ ಸೀಮೆಯಲ್ಲಿ ಕುಡಿಯುವವರು ಕಡಿಮೆ. ಊರುಗಳಲ್ಲಿ ಬೆಳಗಿನ ಹೊಟ್ಟೆಗೆ ಗಂಜಿ, ಅಂಬಲಿ, ತಂಗಳನ್ನ, ಮಜ್ಜಿಗೆ ಇದ್ದ ಕಾಲ ಅದು. ತೋಟದ ಕೆಲಸಗಾರರ ಮನೆಗಳಲ್ಲಿ ಮಾತ್ರ ಕಾಫಿ ಬೇರೊಂದು ದಾರಿಯಿಂದ ಒಲೆ ಸೇರಿತು. ಒಣಗಿದ ಹಣ್ಣನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿ ಹೊಟ್ಟು ತೆಗೆದು, ಸಿಕ್ಕ ಬೀಜವನ್ನು ಹಂಚಿನಲ್ಲೋ ಬಾಣಲೆಯಲ್ಲೋ ಕಪ್ಪಾಗುವಷ್ಟು ಹುರಿದು, ಮತ್ತೆ ಕುಟ್ಟಿ ಪುಡಿಮಾಡುತ್ತಿದ್ದರು. ಅದನ್ನು ಬೆಲ್ಲದ ನೀರಿನಲ್ಲಿ ಕುದಿಸಿದರೆ ಹಾಲಿಲ್ಲದ ಬೆಲ್ಲದ ಕಾಫಿ. ಕೊಡಗು ಮತ್ತು ಮಲೆನಾಡಿನಲ್ಲಿ ಇದು ಇಂದಿಗೂ ಮಳೆಗಾಲದ ಪಾನೀಯ.

ಪೇಟೆ ಮನೆಗಳಲ್ಲಿ ಹುರಿಯುವ ದಿನ

19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು, ಬೆಂಗಳೂರಿನಂಥ ಊರುಗಳ ನೌಕರಿ ಮಾಡುವ ವರ್ಗಕ್ಕೆ ಹಾಲು ಬೆರೆಸಿದ ಕಾಫಿ ರೂಢಿಯಾಯಿತು. ಹೋಟೆಲುಗಳು ಅದನ್ನು ಇನ್ನಷ್ಟು ಹರಡಿದವು. ಹೊಸ ಪಾನೀಯವನ್ನು ದುಶ್ಚಟವೆಂದು ಹಿರಿಯರು ಬೈದದ್ದೂ ಉಂಟು. ಮೂರು ದಶಕಗಳೊಳಗೆ ಬಂದವರಿಗೆ ಕಾಫಿ ಕೊಡದಿದ್ದರೆ ಮರ್ಯಾದೆಗೆ ಕಡಿಮೆ ಎನ್ನುವ ಮಟ್ಟಕ್ಕೆ ಅದು ಬೆಳೆಯಿತು.

ಆಗ ಮನೆಗಳು ಕೊಳ್ಳುತ್ತಿದ್ದುದು ಹಸಿ ಬೀಜ. ಅದಕ್ಕೆ ಕಾರಣ ಸರಳ. ಹಸಿ ಬೀಜ ತೇವ ತಾಗದಂತೆ ಇಟ್ಟರೆ ವರ್ಷದವರೆಗೂ ಕೆಡುವುದಿಲ್ಲ. ಹುರಿದ ಬೀಜದ ಕಂಪು ಕೆಲವು ವಾರ ಉಳಿಯುತ್ತದೆ. ಪುಡಿಯ ಕಂಪು ದಿನಗಳಲ್ಲೇ ಇಳಿಯುತ್ತದೆ. ಬೀಜವನ್ನು ಒಡೆದ ಕೂಡಲೇ ಅದರೊಳಗಿನ ಅನಿಲ ಹೊರಬೀಳುತ್ತದೆ, ಎಣ್ಣೆಯ ಅಂಶಕ್ಕೆ ಗಾಳಿ ತಾಗುತ್ತದೆ, ಪರಿಮಳದ ವಸ್ತುಗಳು ಹಾರಿಹೋಗುತ್ತವೆ. ಗಾಳಿಯಾಡದ ಪೊಟ್ಟಣಗಳಿಲ್ಲದ ಕಾಲದಲ್ಲಿ ಒಳ್ಳೆಯ ಕಾಫಿ ಕುಡಿಯಬೇಕೆಂದರೆ ಪುಡಿ ಮಾಡುವ ಕೆಲಸ ಒಲೆಯ ಹತ್ತಿರದಲ್ಲೇ ನಡೆಯಬೇಕಿತ್ತು.

ಕೊಳ್ಳುವಾಗಲೇ ಆಯ್ಕೆ ಶುರು. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಅರೇಬಿಕಾ ಜಾತಿಯ ಕಾಫಿಗೆ ಪ್ಲಾಂಟೇಷನ್ ಎಂದೂ, ಹಣ್ಣಿನ ಸಮೇತ ಒಣಗಿಸಿದ್ದಕ್ಕೆ ಚೆರ್ರಿ ಎಂದೂ ವ್ಯಾಪಾರದ ಹೆಸರು. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆ ಬೀಜಗಳಿರುತ್ತವೆ. ಒಂದೇ ಬೀಜ ಬೆಳೆದು ದುಂಡಗಾದರೆ ಅದು ಪೀಬೆರಿ. ದುಂಡಗಿರುವುದರಿಂದ ಹುರಿಯುವಾಗ ಸಲೀಸಾಗಿ ಉರುಳಿ ಎಲ್ಲ ಕಡೆಯೂ ಒಂದೇ ಸಮ ಕಾವು ಹಿಡಿಯುತ್ತದೆಂದು ಅದಕ್ಕೆ ಮೊದಲಿನಿಂದಲೂ ಬೇಡಿಕೆ. ಪ್ಲಾಂಟೇಷನ್ನಿಗೆ ಪೀಬೆರಿ ಬೆರೆಸುವುದು ಹಲವು ಮನೆಗಳ ಕ್ರಮವಾಗಿತ್ತು.

ಬೀಜವನ್ನು ಮೊರದಲ್ಲಿ ಹರಡಿ ಕಪ್ಪು ಬೀಜ, ಹುಳುಕು, ಕಲ್ಲು ಆರಿಸಿದ ಮೇಲೆ ಇದ್ದಿಲ ಒಲೆ ಹೊತ್ತಿಸುತ್ತಿದ್ದರು. ಕೆಲವರಿಗೆ ದಪ್ಪ ತಳದ ಕಬ್ಬಿಣದ ಬಾಣಲೆಯೇ ಸಾಕಿತ್ತು. ಅನುಕೂಲವಿದ್ದವರ ಮನೆಯಲ್ಲಿ ಕಂಬಿಗೆ ಪೋಣಿಸಿದ ತಗಡಿನ ಉರುಳೆ ಇರುತ್ತಿತ್ತು. ಅದರ ಬಾಗಿಲು ತೆಗೆದು ಬೀಜ ತುಂಬಿ, ಕೆಂಡದ ಮೇಲೆ ಹಿಡಿ ತಿರುಗಿಸುತ್ತ ಕೂರಬೇಕು. ಬೀಜ ಮೊದಲು ಹಳದಿಗೆ ತಿರುಗಿ ಒಣಹುಲ್ಲಿನ ವಾಸನೆ ಬಿಡುತ್ತದೆ. ಆಮೇಲೆ ಕಂದು. ಶಾಖ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಾಗ ಚಟಪಟ ಸಿಡಿಯುತ್ತದೆ, ಮೇಲಿನ ತೆಳುಪೊರೆ ಉದುರುತ್ತದೆ, ಹೊಗೆಯಲ್ಲಿ ಕಾಫಿಯ ಕಂಪು ಏಳುತ್ತದೆ. ಅಲ್ಲಿಂದ ಮುಂದೆ ಕೆಲವೇ ಕ್ಷಣಗಳ ಆಟ. ಸ್ವಲ್ಪ ಮೈಮರೆತರೆ ಬೀಜ ಸೀದು ಕಹಿ. ಕೆಲವು ಮನೆಗಳಲ್ಲಿ ಕೊನೆಗೆ ಒಂದು ತೊಟ್ಟು ತುಪ್ಪ ಬಿಡುವ ರೂಢಿಯಿತ್ತು. ಬಣ್ಣ ಬಂದೊಡನೆ ಮೊರಕ್ಕೆ ಸುರಿದು, ಕೇರಿ ಪೊರೆ ಹಾರಿಸಿ, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬುತ್ತಿದ್ದರು. ಹುರಿದಾಗ ತೂಕ ಇಳಿಯುತ್ತದೆ: ಒಂದು ಕಿಲೋ ಹಸಿ ಬೀಜಕ್ಕೆ ಸಿಗುವುದು ಸುಮಾರು 800ರಿಂದ 850 ಗ್ರಾಂ.

ಮೈಸೂರಿನಲ್ಲಿ ನೆಲೆಸಿದ್ದ ಲೇಖಕ ಆರ್. ಕೆ. ನಾರಾಯಣ್ ತಮ್ಮ ತಾಯಿಯ ಕಾಫಿಯ ಬಗ್ಗೆ ಬರೆದಿದ್ದಾರೆ. ಬೀಜವನ್ನು ಒಂದೊಂದಾಗಿ ಪರೀಕ್ಷಿಸಿ ಆರಿಸುವುದು, ಇದ್ದಿಲ ಕಾವಿನಲ್ಲಿ ನಿಧಾನವಾಗಿ ಹುರಿಯುವುದು, ಹೊಗೆಯ ಬಣ್ಣ ಮತ್ತು ವಾಸನೆಯಿಂದಲೇ ಹದ ತಿಳಿಯುವುದು ಅವರ ಬರಹದಲ್ಲಿ ದಾಖಲಾಗಿವೆ. ಉಷ್ಣಮಾಪಕವಿಲ್ಲದೆ, ಗಡಿಯಾರವಿಲ್ಲದೆ, ಕಣ್ಣು ಮೂಗು ಕಿವಿಗಳಿಂದ ಮಾಡುತ್ತಿದ್ದ ಈ ಕೆಲಸ ಪಳಗಿದ ಕುಶಲಕರ್ಮ. ಅದನ್ನು ಮಾಡಿದವರು ಬಹುಮಟ್ಟಿಗೆ ಹೆಂಗಸರು. ತೋಟ ತೆರೆದವರ ಹೆಸರುಗಳು ಚರಿತ್ರೆಯ ಪುಸ್ತಕಗಳಲ್ಲಿವೆ, ಕಾಫಿಗೆ ರುಚಿ ಕೊಟ್ಟ ಈ ಕೈಗಳ ಹೆಸರಿಲ್ಲ.

ಕೈಮಿಷನ್ನು ಮತ್ತು ಫಿಲ್ಟರು

ಪುಡಿ ಮಾಡಲು ಬಳಸುತ್ತಿದ್ದುದು ಎರಕದ ಕಬ್ಬಿಣದ ಕೈಮಿಷನ್ನು. ಅದನ್ನು ಮೇಜಿನ ಅಥವಾ ಹಲಗೆಯ ಅಂಚಿಗೆ ತಿರುಪು ಹಾಕಿ ಬಿಗಿಯಬೇಕು. ಮೇಲಿನ ಬಟ್ಟಲಿಗೆ ಬೀಜ ಸುರಿದು ಹಿಡಿ ತಿರುಗಿಸಿದರೆ ಕೆಳಗಿಟ್ಟ ಪಾತ್ರೆಗೆ ಪುಡಿ ಬೀಳುತ್ತದೆ. ಬೀಜದ ಗಟ್ಟಿತನದಿಂದ ಮೊದಲ ಸುತ್ತುಗಳಿಗೆ ತೋಳಿನ ಬಲ ಬೇಕು. ಆಮೇಲೆ ಸಲೀಸು. ಬೆಳಗಿನ ಈ ಕೆಲಸ ಎಷ್ಟೋ ಮನೆಗಳಲ್ಲಿ ಮಕ್ಕಳ ಪಾಲಿಗೆ ಬರುತ್ತಿತ್ತು.

ಪುಡಿಯ ಹದ ಕಾಫಿ ಇಳಿಸುವ ಸಾಧನಕ್ಕೆ ತಕ್ಕಂತೆ ಇರಬೇಕು. ಮೊದಮೊದಲು ಪುಡಿಯನ್ನು ಬಿಸಿನೀರಿಗೆ ಹಾಕಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಎರಡು ಪಾತ್ರೆಗಳನ್ನು ಒಂದರ ಮೇಲೊಂದು ಕೂರಿಸಿದ ಹಿತ್ತಾಳೆ ಫಿಲ್ಟರು ಬಂದ ಮೇಲೆ ಲೆಕ್ಕ ಸೂಕ್ಷ್ಮವಾಯಿತು. ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ತೂತುಗಳು. ಪುಡಿ ತರಿಯಾದರೆ ನೀರು ಸರ್ರನೆ ಇಳಿದು ಡಿಕಾಕ್ಷನ್ ತೆಳುವಾಗುತ್ತದೆ. ತೀರಾ ನುಣ್ಣಗಾದರೆ ತೂತು ಕಟ್ಟಿಕೊಂಡು ತೊಟ್ಟಿಕ್ಕುವುದೇ ನಿಲ್ಲುತ್ತದೆ, ಗಸಿಯೂ ಇಳಿಯುತ್ತದೆ. ಆದ್ದರಿಂದ ಮಿಷನ್ನಿನ ತಿರುಪನ್ನು ಒಮ್ಮೆ ಹದಕ್ಕೆ ಕೂರಿಸಿದ ಮೇಲೆ ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ.

ಮನೆಯಲ್ಲೇ ಪುಡಿಮಾಡಲು ಕಂಪಿನಷ್ಟೇ ದೊಡ್ಡ ಕಾರಣ ನಂಬಿಕೆ. ಪುಡಿಯ ರೂಪಕ್ಕೆ ಬಂದ ಕಾಫಿಗೆ ಏನು ಬೇಕಾದರೂ ಬೆರೆಸಬಹುದು. ಹುರಿದ ಹುಣಸೆಬೀಜ, ಖರ್ಜೂರದ ಬೀಜಗಳ ಪುಡಿ ಕಲಬೆರಕೆಗೆ ಬಳಕೆಯಾದ ವಸ್ತುಗಳು. ಚಿಕೋರಿಯ ವಿಷಯ ಬೇರೆ. ಅದು ಒಂದು ಗಿಡದ ಬೇರು. ನೆಪೋಲಿಯನ್ 1806ರಲ್ಲಿ ಬ್ರಿಟಿಷ್ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಕಾಫಿ ಸಿಗದೆ ಫ್ರಾನ್ಸಿನಲ್ಲಿ ಅದರ ಬಳಕೆ ಬಲವಾಯಿತು. ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದತನವನ್ನೂ ಕೊಡುವ ಕಾರಣ ದಕ್ಷಿಣ ಭಾರತದಲ್ಲೂ ನೆಲೆಯೂರಿತು. ಭಾರತದ ಕಾನೂನು ಚಿಕೋರಿಯನ್ನು ಶೇಕಡಾ 49ರವರೆಗೆ ಒಪ್ಪುತ್ತದೆ, ಆದರೆ ಪೊಟ್ಟಣದ ಮೇಲೆ ಅದನ್ನು ನಮೂದಿಸಬೇಕು. ಮನೆಯಲ್ಲೇ ಪರೀಕ್ಷಿಸುವುದೂ ಸುಲಭ: ಒಂದು ಲೋಟ ನೀರಿನ ಮೇಲೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಬಣ್ಣದ ಗೆರೆ ಬಿಡುತ್ತ ಕೆಳಗಿಳಿಯುತ್ತದೆ.

ಅಂಗಡಿಗೆ ಹೋದ ಗಿರಣಿ

ಎರಡನೆಯ ಮಹಾಯುದ್ಧ ಯುರೋಪಿನ ಪೇಟೆಗಳನ್ನು ಮುಚ್ಚಿತು. ಬೆಳೆಗಾರರನ್ನು ಉಳಿಸಲು ಸರ್ಕಾರ 1942ರಲ್ಲಿ ಕಾಫಿ ಕಾಯ್ದೆ ತಂದಿತು. ಬೆಳೆಗಾರರು ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಾಯಿತು, ಮಾರಾಟ ಮಂಡಳಿಯ ಕೈಗೆ ಹೋಯಿತು. ರಫ್ತನ್ನೇ ನಂಬದೆ ದೇಶದೊಳಗೆ ಕುಡಿಯುವವರನ್ನು ಹೆಚ್ಚಿಸುವ ಪ್ರಯತ್ನವೂ ನಡೆಯಿತು. ಮುಂಬಯಿಯಲ್ಲಿ 1936ರಲ್ಲೇ ತೆರೆದಿದ್ದ ಇಂಡಿಯಾ ಕಾಫಿ ಹೌಸ್ ಇತರ ಊರುಗಳಿಗೂ ಹರಡಿತು.

ಇದೇ ಕಾಲಘಟ್ಟದಲ್ಲಿ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ‘ಕಾಫಿ ವರ್ಕ್ಸ್’ ಎಂಬ ಫಲಕ ಹೊತ್ತ ಪುಟ್ಟ ಅಂಗಡಿಗಳು ಬೆಳೆದವು. ಒಳಗೆ ಹುರಿಯುವ ಯಂತ್ರ, ಮುಂದೆ ವಿದ್ಯುತ್ ಗಿರಣಿ. ಗಿರಾಕಿ ಇಷ್ಟು ಪೀಬೆರಿ, ಇಷ್ಟು ಪ್ಲಾಂಟೇಷನ್, ಇಷ್ಟು ಚಿಕೋರಿ ಎಂದು ಹೇಳಿದರೆ ಕಣ್ಣೆದುರೇ ಬೀಸಿ, ಇನ್ನೂ ಬೆಚ್ಚಗಿರುವ ಪುಡಿಯನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಪ್ರತಿ ಮನೆಯ ಅಳತೆ ಅಂಗಡಿಯವರಿಗೆ ಬಾಯಿಪಾಠ. ಮನೆಯ ಒಲೆ ಮತ್ತು ಕೈಮಿಷನ್ನು ಮಾಡುತ್ತಿದ್ದ ಕೆಲಸವನ್ನು ಅಂಗಡಿ ವಹಿಸಿಕೊಂಡಿತು. ಹೆಂಗಸರ ದುಡಿಮೆ ಅಷ್ಟರಮಟ್ಟಿಗೆ ಹಗುರಾಯಿತು, ತಾಜಾತನಕ್ಕೂ ಹೆಚ್ಚಿನ ಧಕ್ಕೆಯಾಗಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಇನ್‌ಸ್ಟಂಟ್ ಕಾಫಿಯಿಂದ. ನೆಸ್ಕೆಫೆ 1938ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಮಾರುಕಟ್ಟೆಗೆ ಬಂದಿತ್ತು. ಭಾರತದ ಮನೆಗಳಿಗೆ ಇನ್‌ಸ್ಟಂಟ್ ಪುಡಿ 1960ರ ದಶಕದ ನಂತರ ಹರಡಿತು. ಅದೇ ಸುಮಾರಿಗೆ ಬಂದ ಮಿಕ್ಸಿ, ಬೀಜ ಕೊಳ್ಳುತ್ತಿದ್ದ ಕೆಲವೇ ಮನೆಗಳಲ್ಲೂ ಕೈಮಿಷನ್ನನ್ನು ಅಟ್ಟಕ್ಕೆ ಏರಿಸಿತು. ಆದರೆ ಮಿಕ್ಸಿಯ ಬ್ಲೇಡು ಬೀಜವನ್ನು ಬೀಸುವುದಿಲ್ಲ, ಕೊಚ್ಚುತ್ತದೆ. ಒಂದೇ ಪುಡಿಯಲ್ಲಿ ತರಿಯೂ ಹಿಟ್ಟೂ ಬೆರೆತು ಬರುತ್ತವೆ, ಹೆಚ್ಚು ಹೊತ್ತು ಓಡಿಸಿದರೆ ಪುಡಿ ಕಾಯುತ್ತದೆ. ಹಳೆಯ ಕೈಮಿಷನ್ನು ಕೊಡುತ್ತಿದ್ದ ಒಂದೇ ಸಮನಾದ ಹದ ಅದರಿಂದ ದೊರೆಯುವುದಿಲ್ಲ.

ಮರಳಿ ಮನೆಗೆ

1990ರ ದಶಕದಲ್ಲಿ ಪೂಲ್ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ತೋಟದ ಹೆಸರಿನಲ್ಲೇ ಬೀಜ ಮಾರುವ ದಾರಿ ಇದರಿಂದ ತೆರೆಯಿತು. 2010ರ ದಶಕದಿಂದ ಚಿಕ್ಕ ಪ್ರಮಾಣದಲ್ಲಿ ಹುರಿದು, ಹುರಿದ ದಿನಾಂಕ ನಮೂದಿಸಿ ಇಡೀ ಬೀಜವನ್ನು ಮನೆಗೆ ಕಳಿಸುವ ಉದ್ಯಮಗಳು ಬೆಳೆದಿವೆ. ಹುರಿಯುವ, ಇಳಿಸುವ ಕಲೆಯನ್ನು ಕಲಿಸಲು ಕಾಫಿ ಮಂಡಳಿ ‘ಕಾಪಿ ಶಾಸ್ತ್ರ’ ಎಂಬ ತರಬೇತಿ ನಡೆಸುತ್ತದೆ. ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಉಕ್ಕಿನ ಅಥವಾ ಪಿಂಗಾಣಿಯ ಹಲ್ಲುಗಳುಳ್ಳ ಹೊಸ ಕೈಗಿರಣಿಗಳು ಮತ್ತೆ ಅಡುಗೆಮನೆಗೆ ಬರುತ್ತಿವೆ. ಅಜ್ಜಿಯರ ಕಾಲದಲ್ಲಿ ದಿನನಿತ್ಯದ ಕರ್ತವ್ಯವಾಗಿದ್ದದ್ದು ಈಗ ಇಷ್ಟಪಟ್ಟು ಮಾಡುವ ಹವ್ಯಾಸ. ಬೀಸುವ ಕೈ ಗಂಡಸಿನದೂ ಆಗಿದೆ ಎಂಬುದು ಒಳ್ಳೆಯ ಬದಲಾವಣೆ.

ಈ ಚರಿತ್ರೆಯುದ್ದಕ್ಕೂ ಒಲೆ, ಯಂತ್ರ, ಅಂಗಡಿ ಎಲ್ಲ ಬದಲಾದರೂ ಒಂದು ನಿಯಮ ಬದಲಾಗಿಲ್ಲ. ಕಾಫಿಯ ಕಂಪು ಉಳಿಯುವುದು ಬೀಜದೊಳಗೆ. ಬೀಜ ಒಡೆಯುವುದಕ್ಕೂ ನೀರು ಬೀಳುವುದಕ್ಕೂ ನಡುವೆ ಎಷ್ಟು ಕಡಿಮೆ ಹೊತ್ತೋ ಅಷ್ಟು ಒಳ್ಳೆಯದು. ಗಿರಣಿ ಕೊಳ್ಳಲಾಗದವರು ಬಡಾವಣೆಯ ಕಾಫಿಪುಡಿ ಅಂಗಡಿಯಲ್ಲಿ ತಿಂಗಳಿಗಾಗುವಷ್ಟರ ಬದಲು ವಾರಕ್ಕಾಗುವಷ್ಟನ್ನೇ ಕಣ್ಣೆದುರು ಬೀಸಿಸಿಕೊಂಡರೂ ಆ ನಿಯಮ ಪಾಲಿಸಿದಂತೆಯೇ.