ಸಂಬಳವೂ ಉಳಿತಾಯವೂ ಒಂದೇ ಕಡೆ

ಎನ್ರಾನ್ ಪತನವನ್ನು ನಾವು ಸಾಮಾನ್ಯವಾಗಿ ಸುಳ್ಳು ಲೆಕ್ಕಪತ್ರಗಳ ಕಥೆಯಾಗಿ ಓದುತ್ತೇವೆ. ಇತಿಹಾಸದ ಸಂಶೋಧನಾ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚು ಕಾಡಿರುವುದು ಅದರ ನೌಕರರ ಉಳಿತಾಯದ ಕಥೆ.

1985ರಲ್ಲಿ ಎರಡು ಅನಿಲ ಕಂಪನಿಗಳು ಕೂಡಿ ಹುಟ್ಟಿದ ಎನ್ರಾನ್, ಅಮೆರಿಕದ ಹ್ಯೂಸ್ಟನ್ ನಗರದಿಂದ ಅನಿಲ, ವಿದ್ಯುತ್ತುಗಳ ದೊಡ್ಡ ವಹಿವಾಟು ನಡೆಸುತ್ತಿತ್ತು. 2000ದ ಆಗಸ್ಟ್‌ನಲ್ಲಿ ಅದರ ಷೇರಿನ ಬೆಲೆ 90 ಡಾಲರ್ ಮುಟ್ಟಿತು. ನೌಕರರ ನಿವೃತ್ತಿ ಖಾತೆಗಳಲ್ಲಿದ್ದ ಹಣದ ಸುಮಾರು ಶೇ. 60ರಷ್ಟು ಅದೇ ಕಂಪನಿಯ ಷೇರಿನಲ್ಲಿತ್ತು. ಕಂಪನಿ ತನ್ನ ಪಾಲಿನ ವಂತಿಗೆಯನ್ನೂ ಷೇರಿನ ರೂಪದಲ್ಲೇ ಕೊಡುತ್ತಿತ್ತು. ಐವತ್ತು ವರ್ಷ ತುಂಬುವವರೆಗೆ ಅದನ್ನು ಮಾರುವಂತಿರಲಿಲ್ಲ. 2001ರ ನವೆಂಬರ್ ಮುಗಿಯುವಾಗ ಷೇರಿಗೆ ಒಂದು ಡಾಲರೂ ಸಿಗುತ್ತಿರಲಿಲ್ಲ. ಡಿಸೆಂಬರ್ 2ರಂದು ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಮರುದಿನ ಸುಮಾರು 4,000 ಮಂದಿ ಕೆಲಸ ಕಳೆದುಕೊಂಡರು. ಸಂಬಳ ನಿಂತ ಹೊತ್ತಿಗೇ ಉಳಿತಾಯವೂ ಕರಗಿಹೋಗಿತ್ತು.

ಅದೇ ಹಣ ಹಲವು ದೇಶಗಳ ಕಂಪನಿಗಳಿರುವ ಸೂಚ್ಯಂಕ ನಿಧಿಯಲ್ಲಿದ್ದಿದ್ದರೆ? ಅಲ್ಲೂ ಪೆಟ್ಟು ತಪ್ಪುತ್ತಿರಲಿಲ್ಲ. ಎಂಎಸ್‌ಸಿಐ ವರ್ಲ್ಡ್ ಸೂಚ್ಯಂಕವು 2000ದಿಂದ 2002ರ ನಡುವೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಆದರೆ 2007ರ ಹೊತ್ತಿಗೆ ಹಳೆಯ ಎತ್ತರವನ್ನು ದಾಟಿತು. ಎನ್ರಾನ್ ಷೇರಿಗೆ ಅಂಥ 2007 ಬರಲೇ ಇಲ್ಲ. ಒಂದು ಕಂಪನಿ ಸಾಯಬಹುದು; ಸೂಚ್ಯಂಕ ಸತ್ತವರನ್ನು ಬಿಟ್ಟು ಮುಂದೆ ಸಾಗುತ್ತದೆ. ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕದಿಂದ ಎನ್ರಾನನ್ನು ತೆಗೆದಾಗ ಆ ಜಾಗಕ್ಕೆ ಬಂದದ್ದು ಎನ್ವಿಡಿಯಾ. ಸೂಚ್ಯಂಕ ನಿಧಿಯಲ್ಲಿ ಹಣವಿಟ್ಟವರು ಯಾವ ಭವಿಷ್ಯವನ್ನೂ ಊಹಿಸದೆ ಎರಡಕ್ಕೂ ಪಾಲುದಾರರಾಗಿದ್ದರು.

ಒಂದೇ ದೇಶದ ಸೂಚ್ಯಂಕವೂ ಸಾಲದು ಎಂಬುದಕ್ಕೆ ಜಪಾನ್ ಸಾಕ್ಷಿ. 1989ರ ಕೊನೆಯಲ್ಲಿ ನಿಕ್ಕೈ ಸೂಚ್ಯಂಕ ಏರಿದ್ದ ಮಟ್ಟವನ್ನು ಅದು ಮತ್ತೆ ದಾಟಿದ್ದು 2024ರಲ್ಲಿ.

ಹಾಗೆಂದು ಎನ್ರಾನ್ ನೌಕರರನ್ನು ದುರಾಸೆಯವರೆಂದು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ನಾವು 2001ನ್ನು ತಿಳಿದು 2000ವನ್ನು ಓದುತ್ತಿದ್ದೇವೆ. ಅವರ ಮುಂದಿದ್ದದ್ದು ವರ್ಷದಿಂದ ವರ್ಷಕ್ಕೆ ಏರಿದ ಬೆಲೆ, ಮೇಲಧಿಕಾರಿಗಳ ಭರವಸೆ, ದಿನವೂ ಹೋಗಿಬರುವ ಕಚೇರಿ. ಕಣ್ಣೆದುರಿನ ಕಂಪನಿಗಿಂತ ಹೆಸರೇ ಕೇಳದ ಸಾವಿರಾರು ಕಂಪನಿಗಳನ್ನು ನಂಬುವುದು ಆಗ ಯಾರಿಗಾದರೂ ವಿಚಿತ್ರವಾಗಿಯೇ ಕಾಣುತ್ತಿತ್ತು. ಅವರಿಗೆ ಕಂಪನಿಯ ಪರಿಚಯವಿತ್ತು. ಅದರ ಲೆಕ್ಕಪುಸ್ತಕದೊಳಗೆ ಏನಿದೆ ಎಂಬುದು ತಿಳಿದಿರಲಿಲ್ಲ. ಪರಿಚಯವನ್ನೇ ತಿಳಿವಳಿಕೆ ಎಂದುಕೊಳ್ಳುವ ತಪ್ಪು ಅವರೊಬ್ಬರದೇ ಅಲ್ಲ.