ಯಾದಗಿರಿ ಸೀಮೆಯ ಹಬ್ಬಗಳೂ ಕಾಲಗಣನೆಯೂ

ಹಬ್ಬವು ಯಾವ ತಿಥಿಗೆ ಬರುವುದೆಂಬುದನ್ನು ಪಂಚಾಂಗವು ಹೇಳುತ್ತದೆ; ಆ ತಿಥಿಗೇ ಏಕೆ ಬರುವುದೆಂಬುದನ್ನು ಹೊಲವು ಹೇಳುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಎರೆಭೂಮಿಯಲ್ಲಿ ಇದು ಸ್ಪಷ್ಟವಾಗಿ ಕಾಣುವುದು.

ಇಲ್ಲಿಯ ಒಕ್ಕಲುತನದ ವರ್ಷವು ಜ್ಯೇಷ್ಠದ ಕಾರಹುಣ್ಣಿಮೆಯಿಂದ ಮೊದಲಾಗುವುದೆನ್ನಬಹುದು. ಅಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣವಿಟ್ಟು, ಊರ ಅಗಸೆಯಲ್ಲಿ ಕರಿ ಹರಿಯುವರು. ಮುಂದೆ ಬಂದ ಎತ್ತಿನ ಬಣ್ಣವನ್ನು ನೋಡಿ ಮುಂಗಾರಿ ಹುಲುಸಾಗುವುದೋ ಹಿಂಗಾರಿಯೋ ಎಂದು ಊಹಿಸುವುದುಂಟು. ಹದಿನೈದು ದಿನಗಳಿಗೆ ಮಣ್ಣೆತ್ತಿನ ಅಮಾವಾಸ್ಯೆ; ಶ್ರಾವಣದಲ್ಲಿ ಪಂಚಮಿಯ ಜೋಕಾಲಿ; ಗೋಕುಲಾಷ್ಟಮಿಯ ಸಂದರ್ಭದಲ್ಲಿ ಸುರಪುರದ ವೇಣುಗೋಪಾಲಸ್ವಾಮಿಯ ಸನ್ನಿಧಿಯಲ್ಲಿ ಕಂಬವೇರುವ ಉತ್ಸವ. ಮಾರ್ಗಶಿರದ ಕಡೆಗೆ ಎಳ್ಳಮಾವಾಸ್ಯೆ ಬಂದಾಗ ಬಿಳಿಜೋಳವು ಎದೆಯೆತ್ತರಕ್ಕೆ ನಿಂತಿರುವುದು. ಸಜ್ಜೆರೊಟ್ಟಿ, ಭಜ್ಜಿ, ಕಡುಬುಗಳೊಡನೆ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಪೈರಿಗೆ ಚರಗ ಚೆಲ್ಲುವರು.

ಇವೆಲ್ಲ ಚಾಂದ್ರಮಾನದ ತಿಥಿಗಳು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳೇ ಆದುದರಿಂದ, ಹಬ್ಬವು ಋತುವನ್ನು ಬಿಟ್ಟು ಸರಿಯದಂತೆ ಹಿರಿಯರು ಸುಮಾರು 32 ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿದರು. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಈ ಕಟ್ಟು ಬೇಕಿಲ್ಲ. ಭಂಡಾರದಲ್ಲಿ ಬೆಟ್ಟವೇ ಹಳದಿಯಾಗುವ ಆ ಜಾತ್ರೆಯು ಸೂರ್ಯನ ಮಕರಸಂಕ್ರಮಣವನ್ನೇ ಹಿಡಿದಿದೆ. ಹಿಂದೂ ಮುಸಲ್ಮಾನರು ಕೂಡಿ ಅಲಾಯಿ ಕುಣಿಯುವ ಮೊಹರಮ್ಮಾದರೋ ಶುದ್ಧ ಚಾಂದ್ರಮಾನದ್ದು. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುವುದು. ಚಂದ್ರನನ್ನು ನಂಬಿ ಕಂದಾಯವೆತ್ತಲಾಗದೆಂದೇ ಅಕಬರನ ಕಾಲದಲ್ಲಿ ಫಸಲೀ ವರ್ಷವು ಹುಟ್ಟಿತು. 1948ರಲ್ಲಿ ಕೊನೆಗೊಂಡ ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ಕಚೇರಿಗಳೂ ಅದನ್ನೇ ಅನುಸರಿಸಿದ್ದವು.

ಕಾಲಗಣನೆಯನ್ನು ಆಜ್ಞೆಯಿಂದ ಬದಲಿಸಿದರೆ ಏನಾಗುವುದೆಂಬುದಕ್ಕೆ ರಷ್ಯಾ ದೇಶವು ನಿದರ್ಶನ. 1918ರಲ್ಲಿ ಅಲ್ಲಿಯ ಸರಕಾರವು ಜನವರಿ 31ರ ಮರುದಿನವನ್ನು ಫೆಬ್ರುವರಿ 14 ಎಂದು ಎಣಿಸಿತು. ಆದರೂ ಅಲ್ಲಿಯ ಚರ್ಚು ಹಳೆಯ ಗಣನೆಯನ್ನು ಬಿಡಲಿಲ್ಲ. ಇಂದಿಗೂ ಅವರ ಕ್ರಿಸ್ತಜಯಂತಿ ಜನವರಿ 7ಕ್ಕೆ. ನಮ್ಮ ಸಂಕ್ರಾಂತಿಯ ಆಸುಪಾಸಿನಲ್ಲಿ, ಜನವರಿ 14ಕ್ಕೆ, ಅವರ 'ಹಳೆಯ ಹೊಸವರ್ಷ'. ಚಳಿಗಾಲವನ್ನು ಬೀಳ್ಕೊಡಲು ಹುಲ್ಲಿನ ಗೊಂಬೆಯನ್ನು ಸುಡುವ ಅವರ ಮಾಸ್ಲೆನಿತ್ಸಾ ವಾರವು ನಮ್ಮ ಕಾಮದಹನವನ್ನು ನೆನಪಿಗೆ ತರುವುದು.

ರಷ್ಯಾದಲ್ಲಿ ಬದಲಾದುದು ಪಂಚಾಂಗ. ಈ ಸೀಮೆಯಲ್ಲಿ ಬದಲಾದುದು ಹೊಲ. ನಾರಾಯಣಪುರದ ಬಸವಸಾಗರವು 1982ರಲ್ಲಿ ಪೂರ್ಣಗೊಂಡ ತರುವಾಯ ಕೃಷ್ಣೆಯ ನೀರು ಕಾಲುವೆಯಲ್ಲಿ ಹರಿದು, ಸುರಪುರ, ಶಹಾಪುರಗಳ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಬರದ ನಾಡಿಗೆ ಇದು ಭಾಗ್ಯವೇ ಸರಿ. ಆದರೆ ಅಂತಹ ಗದ್ದೆಯಲ್ಲಿ ಎಳ್ಳಮಾವಾಸ್ಯೆಯ ದಿನ ಚರಗ ಸ್ವೀಕರಿಸಲು ಜೋಳವಿಲ್ಲ. ಟ್ರ್ಯಾಕ್ಟರು ಬಂದ ಮನೆಯಲ್ಲಿ ಕಾರಹುಣ್ಣಿಮೆಗೆ ಎತ್ತಿಲ್ಲ. ತಿಥಿಯನ್ನು ಋತುವಿಗೆ ಹೊಂದಿಸಲು ಅಧಿಕಮಾಸವಿದೆ. ಹಬ್ಬವನ್ನು ಬದಲಾದ ಬೆಳೆಗೆ ಹೊಂದಿಸುವ ಮಾಸವು ಯಾವ ಪಂಚಾಂಗದಲ್ಲಿಯೂ ಇಲ್ಲ. ಆದುದರಿಂದ ಹಬ್ಬದ ಅಡಿಗೆಯೊಡನೆ ಅದರ ಕಾರಣವನ್ನೂ ಮಕ್ಕಳಿಗೆ ತಿಳಿಸುವ ಹೊಣೆಯು ಆಯಾ ಮನೆಯ ಹಿರಿಯರದು.