ಬಿಸಿಯ ನೋವು: ಅಳೆಯುವುದು ಹೇಗೆ, ಏಕೆ?

ವಳಸಂಗ: ಬೇಸಿಗೆಯಲ್ಲಿ ಸೊಲ್ಲಾಪುರ-ಅಕ್ಕಲಕೋಟ ರಸ್ತೆಯ ಕಾದ ಡಾಂಬರು ಬರಿಗಾಲಿಗೆ ತಾಗಿದರೆ ಕಾಲು ತಾನಾಗಿಯೇ ಹಿಂದೆ ಸರಿಯುತ್ತದೆ. ಈ ನೋವೇ ಚರ್ಮದ ಕಾವಲುಗಾರ. ನೋವು ಆರಂಭವಾಗುವ ಉಷ್ಣತೆಗೆ ‘ಬಿಸಿ ನೋವಿನ ಹೊಸ್ತಿಲು’ ಎಂದೂ, ಇನ್ನು ತಾಳಲಾಗದು ಎನ್ನುವ ಹಂತಕ್ಕೆ ‘ಸಹನಾ ಮಿತಿ’ ಎಂದೂ ಹೆಸರು.

ಇತಿಹಾಸ: 1940ರಲ್ಲಿ ಅಮೆರಿಕದ ಹಾರ್ಡಿ, ವುಲ್ಫ್ ಮತ್ತು ಗುಡೆಲ್ ಎಂಬ ಸಂಶೋಧಕರು ತಮ್ಮ ಹಣೆಗೆ ಕಪ್ಪು ಬಳಿದುಕೊಂಡು, ದೀಪದ ಶಾಖ ಬಿಟ್ಟು ನೋವನ್ನು ಅಳೆದರು. ಚರ್ಮ ಸುಮಾರು 45 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ನೋವು ಶುರುವಾಗುತ್ತಿತ್ತು. ಬಿಸಿಯನ್ನೂ ಮೆಣಸಿನಕಾಯಿಯ ಖಾರವನ್ನೂ ಗುರುತಿಸುವ ನರತುದಿಯ ಪ್ರೋಟೀನನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಪತ್ತೆ ಹಚ್ಚಿತು. ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ವಿಧಾನ: ಗಣಕಯಂತ್ರಕ್ಕೆ ಜೋಡಿಸಿದ ಸಣ್ಣ ಬಿಲ್ಲೆಯನ್ನು ಕೈ ಅಥವಾ ಪಾದದ ಮೇಲೆ ಇಡುತ್ತಾರೆ. ಸಾಮಾನ್ಯವಾಗಿ 32 ಡಿಗ್ರಿಯಿಂದ ಆರಂಭಿಸಿ, ಸೆಕೆಂಡಿಗೆ 1 ಡಿಗ್ರಿಯಂತೆ ಬಿಸಿ ಏರಿಸುತ್ತಾರೆ. ನೋವು ಎನಿಸಿದ ಕೂಡಲೇ ವ್ಯಕ್ತಿ ಗುಂಡಿ ಒತ್ತಬೇಕು. ಮೂರು ಬಾರಿ ಅಳೆದು ಸರಾಸರಿ ತೆಗೆಯುತ್ತಾರೆ. ಸುಟ್ಟಗಾಯ ಆಗದಂತೆ ಯಂತ್ರ 50 ಡಿಗ್ರಿಗೆ ತಾನೇ ನಿಲ್ಲುತ್ತದೆ. ಇದನ್ನು ಮನೆಯಲ್ಲಿ ಪ್ರಯತ್ನಿಸಬಾರದು.

ಆರೋಗ್ಯವಂತರೇ ಏಕೆ?: ಸಹಜ ಮಟ್ಟ ಗೊತ್ತಿದ್ದರೆ ಮಾತ್ರ ರೋಗ ಗುರುತಿಸಲು ಸಾಧ್ಯ. ವಯಸ್ಸು, ಲಿಂಗ, ದೇಹದ ಭಾಗಕ್ಕೆ ತಕ್ಕಂತೆ ಹೊಸ್ತಿಲು ಬದಲಾಗುತ್ತದೆ. ವಯಸ್ಸಾದಂತೆ, ವಿಶೇಷವಾಗಿ ಪಾದದಲ್ಲಿ, ಅದು ಏರುತ್ತದೆ. ಆದ್ದರಿಂದ ಒಬ್ಬರ ಅಂಕಿಯನ್ನು ಅದೇ ವಯಸ್ಸಿನ ಆರೋಗ್ಯವಂತರ ಅಂಕಿಗೆ ಹೋಲಿಸಬೇಕು.

ಉಪಯೋಗ: ಮಧುಮೇಹ ಮತ್ತು ಕುಷ್ಠರೋಗದಲ್ಲಿ ಬಿಸಿ ತಿಳಿಸುವ ಸಣ್ಣ ನರಗಳು ಬೇಗ ಹಾನಿಗೊಳ್ಳಬಹುದು. ಉತ್ತರ ಪ್ರದೇಶದ ಕುಷ್ಠರೋಗ ಆಸ್ಪತ್ರೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಪರ್ಶ ಪರೀಕ್ಷೆಗಿಂತ ಮೊದಲೇ ಬಿಸಿ ಗ್ರಹಿಕೆಯ ಪರೀಕ್ಷೆ ನರದೋಷವನ್ನು ತೋರಿಸಿತ್ತು.

ಎಚ್ಚರಿಕೆ: ನೋವು ತಿಳಿಯದ ಪಾದ ಸುಟ್ಟರೂ ಸುದ್ದಿ ಕೊಡುವುದಿಲ್ಲ. ಮಧುಮೇಹಿಗಳು ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆಯಬಾರದು, ದೇವರ ದರ್ಶನಕ್ಕೆ ನಡೆದು ಹೋಗುವಾಗಲೂ ದಾರಿಯಲ್ಲಿ ಚಪ್ಪಲಿ ಇರಲಿ. ಕಾಲಿಗೆ ಬಿಸಿನೀರಿನ ಚೀಲ ಬೇಡ. ಸ್ನಾನದ ನೀರನ್ನು ಮನೆಯವರು ಮುಟ್ಟಿ ನೋಡಲಿ. ಪ್ರತಿ ರಾತ್ರಿ ಪಾದ ಪರೀಕ್ಷಿಸಿ, ಬೊಬ್ಬೆ ಕಂಡರೆ ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು.